ಹನ್ನೆರಡನೇ ಕಲಮು

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೧೫ ಜುಲೈ ೧೯೩೬

ಹೀರಾಗೆ ಸಿದ್ದಕ್ಕನ ಆಶೀರ್ವಾದ.

ನಿನ್ನ ಸುದ್ದಿ ನನಗ ನೀ ಹೇಳಲಿಲ್ಲ, ಡಾಕ್ಟರ ರತ್ನಾಬಾಯಾರು ಹೇಳಿದ್ರು. ಅದೂ ಎಲ್ಲಾರ ಮುಂದ, ಔಷಧದ ಖೋಲ್ಯಾಗ, ನಿನ್ನ ಕಾಗದ ಕೈಯಾಗ ಹಿಡಕೊಂಡು. "ನಮ್ಮ ಹೀರಾ ಅಕ್ಟೋಬರದಾಗ ಸೂಲಗಿತ್ತಿ ಲೈಸೆನ್ಸಿನ ಪರೀಕ್ಷೆಗೆ ಕುಂಡ್ರತಾಳ" ಅಂದ್ರು. ನಮ್ಮ ಹೀರಾ! ಒಂಬತ್ತ ವರ್ಷ ಆತು ನಾ ಈ ದವಾಖಾನ್ಯಾಗ ಬಾಣಂತ್ಯಾರ ಕೆಲಸ ಮಾಡಾಕತ್ತು. ರತ್ನಾಬಾಯಾರ ಬಾಯಾಗ ಒಂದ ದಿನಾನೂ "ನಮ್ಮ ಸಿದ್ದಕ್ಕ" ಅಂತ ಬಂದಿಲ್ಲ. "ಸಿದ್ದವ್ವ, ಬಿಸಿ ನೀರು" ಅಂತಾರ. ಅಷ್ಟ.

ಸಿಟ್ಟ ಮಾಡಬ್ಯಾಡ, ಖರೆ ಹೇಳ್ತೇನಿ. ಕೇಳಿ ಹೊಟ್ಟಿ ಉರೀತು. ನಾಕ ವರ್ಷದ ಹಿಂದ ನಿಮ್ಮಪ್ಪ ಆದಿನಾಥಣ್ಣಾರು ತೇರದಾಳದಿಂದ ನಿನ್ನ ಕರಕೊಂಡ ಬಂದು, "ಗಂಡ ಸತ್ತ ಹುಡುಗಿ, ಮನ್ಯಾಗ ಮೂಲಿ ಹಿಡದ ಕುಂತಾಳ, ಒಂದ ಕೆಲಸಾ ಕಲಸ್ರಿ" ಅಂತ ಬಿಟ್ಟ ಹೋದಾಗ ನೀ ಹೆಂಗಿದ್ದಿ, ನೆನಪ ಐತೇನು? ಮೊದಲನೇ ಹೆರಗಿ ನೋಡಿ ಎಚ್ಚರ ತಪ್ಪಿ ಬಿದ್ದಿ. ಒಂದ ಕೈಲೆ ಕೂಸ ಹಿಡಕೊಂಡು ಇನ್ನೊಂದ ಕೈಲೆ ನಿನ್ನ ಮಾರಿಗೆ ನೀರ ಗೊಜ್ಜಿದಾಕಿ ನಾನು. ಥರ್ಮಾಮೀಟರ ಬೀಳಿಸಿ ಒಡದಾಕಿ ನೀನು, ಬೈಸ್ಕೊಂಡಾಕಿ ನಾನು. ಹೋದ ವರ್ಷ ನಿನ್ನ ಮುಧೋಳ ದವಾಖಾನಿಗೆ ಕಳಿಸಿದ್ರಲ್ಲ, ಆವತ್ತ ನಿನ್ನ ಗಂಟ ಕಟ್ಟಿ ಕೊಟ್ಟಾಕೀನೂ ನಾನ.

ಇಲ್ಲಿ ಸುದ್ದಿ ಏನಂದ್ರ, ಎಂಟ ಮಂಚದ ಹೊಸಾ ಬಾಣಂತಿ ವಾರ್ಡ ಎದ್ದ ನಿಂತೈತಿ. ಅದಕ ಒಬ್ಬಾಕಿ ಹೆಡ್ ನರ್ಸ್ ಬೇಕು. ಯಾರ ಮೊದಲ ಲೈಸೆನ್ಸ ತರ್ತಾಳೋ ಆಕಿಗೇ ಅಂತ ದರಬಾರದ ಹುಕುಂ. ಅಷ್ಟ ಅಲ್ಲ, ವಾರ್ಡ ಸುರು ಆದ ಮ್ಯಾಲ ಲೈಸೆನ್ಸ ಇಲ್ಲದಾಕಿ ತಾನ ಒಬ್ಬಾಕಿ ಹೆರಗಿ ಮಾಡಸಂಗಿಲ್ಲಂತ. ಬೇಸಿನ್ ಹಿಡಕೊಂಡು ಬಾಜೂಕ ನಿಂದರಬೇಕಂತ. ಒಂಬತ್ತ ವರ್ಷದಾಗ ನನ್ನ ಕೈಯಾಗ ಬಿದ್ದ ಕೂಸುಗಳು ಈಗ ಸಾಲಿಗೆ ಹೋಗಾಕತ್ತಾವ, ನಾ ಬೇಸಿನ್ ಹಿಡೀಬೇಕು.

ಹೋದ ಅಕ್ಟೋಬರದಾಗ ಬರೀ ನಾಕ ಮಾರ್ಕಿನಿಂದ ನನ್ನ ಪರೀಕ್ಷೆ ಹೋತು, ನಿನಗ ಗೊತ್ತ ಐತಿ. ಬರೂ ಏಪ್ರಿಲ್‌ದಾಗ ಮತ್ತ ಕುಂಡ್ರತೇನಿ. ಅಷ್ಟರಾಗ ನೀ ಬಂದಿ.

ಬರದದ್ದ ಹೆಚ್ಚಾಗಿದ್ರ ಹೊಟ್ಟ್ಯಾಗ ಹಾಕ್ಕೋ. ನನ್ನ ಬಾಯಿ ನಿನಗ ಗೊತ್ತಿದ್ದದ್ದ.

ನಿನ್ನ
ಸಿದ್ದಕ್ಕ

॥ ಶ್ರೀ ವೀತರಾಗಾಯ ನಮಃ ॥

ಮುಧೋಳ
೨೭ ಜುಲೈ ೧೯೩೬

ಸಿದ್ದಕ್ಕಗ ಹೀರಾ ಕಾಲ ಮುಟ್ಟಿ ನಮಸ್ಕಾರ.

ನಿನ್ನ ಕಾಗದ ಓದಿ ಅತ್ತೆ, ಆಮ್ಯಾಲ ನಕ್ಕೆ. ನೀ ಎದರಿಗೆ ಕುಂತು ಬೈದಂಗ ಆತು. ನಿನಗ ಮೊದಲ ಹೇಳಲಿಲ್ಲ, ತಪ್ಪಾತಕ್ಕಾ. ಹೇಳಾಕ ಅಂಜಿಕಿ ಬಂತು. ಫಾರ್ಮ ತುಂಬು ಅಂತ ಡಾಕ್ಟರಬಾಯಾರ ಹಟ ಹಿಡದ್ರು. "ಸಿದ್ದಕ್ಕ ಮೊದಲ ಪಾಸಾಗಲಿ, ಆಮ್ಯಾಲ ನಾ" ಅಂದದ್ದಕ್ಕ, "ಪರೀಕ್ಷೆಗೆ ಪಾಳಿ ಇರೂದಿಲ್ಲ" ಅಂತ ಬರದ್ರು.

ಇಪ್ಪತ್ತ ಹೆರಗಿ ಮಾಡಿಸಿದ ದಾಖಲೆ ಬೇಕಲ್ಲ, ನಂದು ಹತ್ತೊಂಬತ್ತ ಆಗ್ಯಾವ. ಹತ್ತೊಂಬತ್ತನೇದು ರನ್ನ ಬೆಳಗಲ್ಯಾಗ. ಚಕ್ಕಡ್ಯಾಗ ಹೋಗಿ ಮುಟ್ಟೂದರಾಗ ಕೂಸಿನ ಕಾಲ ಹೊರಗ ಬಂದಿದ್ವು. ಕೈ ತೊಳಕೊಂಡ ಕುಂತೆ ಅಕ್ಕಾ. ನೀ ಹಿಂದ ನಿಂತು "ಜಗ್ಗಬ್ಯಾಡ ಲೇ, ಜಗ್ಗಬ್ಯಾಡ, ತಾಯಿ ತಾನ ನೂಕಲಿ" ಅಂದಂಗ ಆತು. ಹಂಗ ಮಾಡಿದೆ. ಹೆಣ್ಣ ಕೂಸು, ಆರಾಮ ಐತಿ.

ನನಗ ಅಂಜಿಕಿ ಇರೂದು ಹೆರಗೀದಲ್ಲ, ಪರೀಕ್ಷೆ ದಿನದ್ದು. ಪರೀಕ್ಷೆ ಪುಣೆದಾಗ, ಇಳಿಯೂದು ಅಲ್ಲೀ ಜೈನ ಧರ್ಮಶಾಲ್ಯಾಗ, ನಾ ಪುಣೆ ನೋಡಿದಾಕಿ ಅಲ್ಲ. ಬಾಗಲದಾಗ ಏನ ಕೇಳ್ತಾರ, ಒಳಗ ಏನ ಒಯ್ಯಬೇಕು, ಹೆಂಗ ಕುಂಡ್ರಬೇಕು, ಒಂದೂ ಗೊತ್ತಿಲ್ಲ. ಹಾಲ್ ತಿಕೀಟು, ನಿಯಮದ ಹಾಳಿ ಎರಡೂ ಡಾಕ್ಟರಬಾಯಾರ ಹೆಸರಿಗೆ ಬರ್ತಾವಂತ. ಹಾಳಿ ಇಂಗ್ಲೀಷಿನಾಗ ಇರ್ತೈತಂತ. ಅವರು ಓದಿ ಹೇಳ್ತಾರ, ನೀ ಕನ್ನಡದಾಗ ಬರದ ಕಳಸ್ತೀ ಏನು? ನೀ ಒಮ್ಮೆ ಹೋಗಿ ಕುಂತ ಬಂದಾಕಿ. ನೀ ಬರದ್ರ ನನಗ ಧೈರ್ಯ.

ಇಲ್ಲಿ ಎಲ್ಲಾರೂ ನನಗ ನಗ್ತಾರ. ಜ್ವರದ ಪಟ್ಟಿ ಬರಿಯೂದಿದ್ರೂ ಮ್ಯಾಲ ದೇವರ ಹೆಸರ ಬರದ ಸುರು ಮಾಡ್ತೇನಂತ. ಅದೂ ನಿನ್ನ ನೋಡೇ ಕಲತದ್ದು. ನಿನ್ನ ಬನಶಂಕರಿ, ನನ್ನ ವೀತರಾಗ, ಇಬ್ಬರೂ ಕೂಡಿ ಆ ರೋಗಿಗೋಳನ್ನ ಕಾಯ್ತಾರ ಬಿಡು.

ಜೈ ಜಿನೇಂದ್ರ.

ನಿನ್ನ ತಂಗಿ
ಹೀರಾ

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೮ ಸೆಪ್ಟೆಂಬರ್ ೧೯೩೬

ಹೀರಾಗೆ ಆಶೀರ್ವಾದ.

ತಿಕೀಟು ಬಂದೈತಿ, ಇದರ ಜೋಡಿ ಇಟ್ಟೇನಿ. ನಿನ್ನ ನಂಬರ ನಲವತ್ತಾರು. ಡಾಕ್ಟರಬಾಯಾರು ಹಾಳಿ ಓದಿ ಓದಿ ಹೇಳಿದ್ರು, ನಾ ಪಾಟಿ ಮ್ಯಾಲ ಬರಕೊಂಡೆ. ಈಗ ನಿನಗ ಬೇರೆ ಹಾಳಿ ಮ್ಯಾಲ ಛಂದಾಗಿ ಇಳಿಸಿ, ಅಂಕಿ ಹಾಕಿ ಇಟ್ಟೇನಿ. ಕಿಸೆದಾಗ ಇಟ್ಕೋ. ಇಲ್ಲಿ ಬಾಯಿಮಾತಿಲೆ ಮತ್ತ ಹೇಳ್ತೇನಿ, ಯಾಕಂದ್ರ ನಿನ್ನ ತಲಿಗೆ ಒಮ್ಮೆ ಹೇಳಿದ್ರ ಹೋಗೂದಿಲ್ಲ.

ತಿಕೀಟ ಬಿಟ್ಟ ಹೋದ್ರ ಬಾಗಲದಿಂದ ತಿರಗಸ್ತಾರ. ಎಂಟಕ್ಕ ಹಾಜರ ಇರಬೇಕು, ಎಂಟೂವರಿಗೆ ಬಾಗಲಾ ಹಾಕ್ತಾರ, ಆಮ್ಯಾಲ ಸಂಸ್ಥಾನದ ರಾಣಿ ಬಂದ್ರೂ ತಗಿಯೂದಿಲ್ಲ. ಒಳಗ ನಿನಗ ಹೆಸರಿಲ್ಲ, ನಂಬರ. "ನಲವತ್ತಾರು" ಅಂದ್ರ ಎದ್ದ ನಿಂದರಬೇಕು. ಶಾಯಿ, ಟಾಕು ನಿಂದ ನೀ ಒಯ್ಯಬೇಕು, ಕರೀ ಶಾಯಿ. ಪುಸ್ತಕ, ಪಾಟಿ, ಚೀಟಿ ಏನೂ ನಡಿಯಂಗಿಲ್ಲ, ಸೆರಗ ಝಾಡಿಸಿ ತೋರಸಬೇಕು. ಏಳನೇದು ಭಾಳ ಕಡಕ. ಬರಿಯೂ ಹೊತ್ತಿನ್ಯಾಗ ಬಾಜೂದಾಕಿ ಜೋಡಿ ಬಾಯಿ ತಗದಾಕಿನ ಹೊರಗ ಹಾಕ್ತಾರ, ಆಕಿ ಪರೀಕ್ಷೆ ಅಲ್ಲಿಗೇ ಮುಗೀತು, ಮರುದಿನದ ಬಾಯಿ ಪರೀಕ್ಷೆಗೂ ತಗೊಳ್ಳಂಗಿಲ್ಲ. ಡಾಕ್ಟರಬಾಯಾರು ಅದನ್ನ ಓದಿ ನನ್ನ ಮಾರಿ ನೋಡಿ ನಕ್ಕರು. ಉತ್ತರದ ಪುಸ್ತಕದ ಹಾಳಿ ಹರೀಬಾರದು. ಮೊದಲ ಅರ್ಧ ತಾಸು ಯಾವ ಕಾರಣಕ್ಕೂ ಹೊರಗ ಹೋಗಾಂಗಿಲ್ಲ. ಕೈಗೆಲಸದ ಪರೀಕ್ಷೆಗೆ ಉಗುರ ಕತ್ತರಿಸಿ, ಬಳಿ ತಗದು, ಮೊಳಕೈ ತನಕ ಕಾರ್ಬಾಲಿಕ್ ಔಷಧದ ನೀರಿನ್ಯಾಗ ತೊಳಕೋಬೇಕು. ನಿನಗ ಬಳೀ ಚಿಂತಿ ಇಲ್ಲ. ನನಗ ಗಂಡ ಸೊಲ್ಲಾಪುರ ಗಿರಣ್ಯಾಗ ಇದ್ದಾನಂತ ಬಳಿ ಅದಾವು. ಅಂವ ಅಲ್ಲಿ ಯಾರ ಜೋಡಿ ಇದ್ದಾನೋ ಬನಶಂಕರಿಗೇ ಗೊತ್ತು.

ಕಡೇದು ಫಲಿತಾಂಶದ್ದು. ಆರ ವಾರಕ್ಕ ಪಾಸಾದವರ ನಂಬರ ಅಷ್ಟ ಪಟ್ಟಿ ಮಾಡಿ ಬಾಗಲಕ್ಕ ಹಚ್ಚತಾರ. ಮಾರ್ಕಿನ ಕಾಗದ ಮುದ್ರಿ ಒತ್ತಿದ ಲಕೋಟಿನ್ಯಾಗ ಅವರವರ ಕೈಗೇ ಬರ್ತೈತಿ. ಬರಿಯೂದು, ಬಾಯಿಲೆ ಹೇಳೂದು, ಕೈಗೆಲಸ, ಮೂರರಾಗೂ ಅರ್ಧಾ ಅರ್ಧಾ ಬರಬೇಕು. ಒಂದರಾಗ ಕಮ್ಮಿ ಬಿದ್ರ ಮೂರೂ ಹೋದಂಗ.

ಇಷ್ಟ. ಹನ್ನೊಂದು ಕಲಮು. ಎಣಿಸಿ ನೋಡ್ಕೋ.

ಬಳಿ ಮಾತ ಬರೀಬಾರದಿತ್ತು. ಬರದ ಮ್ಯಾಲ ಹೊಳೀತು. ಹೊಡದ ಹಾಕಿದ್ರ ಕಾಗದ ಹೊಲಸ ಆಗ್ತೈತಂತ ಬಿಟ್ಟೇನಿ.

ಸಿದ್ದಕ್ಕ

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೨೦ ಸೆಪ್ಟೆಂಬರ್ ೧೯೩೬

ಬನಹಟ್ಟ್ಯಾಗಿರೂ ತಾಯವ್ವಕ್ಕಗ ತಂಗಿ ಸಿದ್ದಿ ನಮಸ್ಕಾರ.

ಅಕ್ಕಾ, ಈ ಕಾಗದ ಸಾವಕಾಶ ಓದು, ಅಕ್ಷರ ಕೂಡಿಸಿ ಕೂಡಿಸಿ ಓದು, ಆದ್ರ ಯಾರ ಕಡೀನೂ ಓದಸಬ್ಯಾಡ. ಓದಿ ಒಲಿಗೆ ಹಾಕು.

ಹೋದ ವರ್ಷ ನನ್ನ ಮಾರ್ಕಿನ ಲಕೋಟಿ ಬಂದಾಗ ಜಮಖಂಡ್ಯಾಗ ಒಡೀದ ನಿಮ್ಮೂರಿಗೆ ತಂದಿದ್ನೆಲ್ಲ, ಜಕ್ಕಪ್ಪ ಮಾಸ್ತರ ಕಡೆ ಓದಸಾಕ? ನೀ ಮಗ್ಗದ ಮನ್ಯಾಗ ಇದ್ದಿ. ಹೊರಗ ಬಂದು ನಿನಗ ನಾಕ ಮಾರ್ಕಿನಿಂದ ಹೋತು ಅಂದೆ. ಸುಳ್ಳ ಹೇಳಿದೆ. ಎಲ್ಲಾರಿಗೂ ಅದ ಸುಳ್ಳ ಹೇಳೇನಿ. ಮಾರ್ಕ ಇರಲೇ ಇಲ್ಲ ಅಕ್ಕಾ ಆ ಕಾಗದದಾಗ. ನನ್ನ ಪುಸ್ತಕ ಓದೇ ಇಲ್ಲ ಅವರು. ಉತ್ತರದ ಪುಸ್ತಕದ ತಲಿ ಮ್ಯಾಲ ನಾ ಶ್ರೀ ಬನಶಂಕರಿ ಪ್ರಸನ್ನ ಅಂತ ಬರದಿದ್ದೆ. ದೇವರ ಹೆಸರ ಬರದ್ರ ಯಾವ ಜಾತ್ಯಾಕಿ, ಯಾವ ಊರಾಕಿ ಅಂತ ತಪಾಸ ಮಾಡಾವ್ರಿಗೆ ಗುರ್ತ ಸಿಗತೈತಂತ, ಅದಕ ಹಂತಾ ಪುಸ್ತಕ ರದ್ದ. ಮ್ಯಾಲ ಎರಡ ಪರೀಕ್ಷೆಗೆ ಕುಂಡ್ರಂಗಿಲ್ಲಂತ ಬಂದಿ. ಆವಾಗ ಡಾಕ್ಟರಬಾಯಾರು ರಜಾದಾಗ ಇದ್ರು, ನನಗ ಆ ಇಂಗ್ಲೀಷ ಹಾಳಿ ಓದಿ ಹೇಳಾವ್ರ ಯಾರೂ ಇರಲಿಲ್ಲ. ಎಷ್ಟ ಛಲೋ ಬರದಿದ್ದೆ ಅಕ್ಕಾ! ಒಂದೂ ಬಿಟ್ಟಿದ್ದಿಲ್ಲ. ದೇವಿ ಹೆಸರ ಬರದದ್ದಕ್ಕ ನಪಾಸ ಆದೆ ಅಂತ ಯಾರಿಗೆ ಹೇಳ್ಲಿ? ನಾಚಿಕಿ ಆತು, ದೇವಿ ಮ್ಯಾಲೂ ಸಿಟ್ಟ ಬಂತು.

ಈಗ ಹೀರಾಗ ಕಲಮ ಬರದ ಕಳಿಸೇನಿ. ಹಾಳ್ಯಾಗ ಇದ್ದದ್ದು ಹನ್ನೆರಡು. ನಾ ಕಳಿಸಿದ್ದು ಹನ್ನೊಂದು.

ಹನ್ನೆರಡನೇದು ಪಾಟಿ ಮ್ಯಾಲ ಇತ್ತು. ಹಾಳಿಗೆ ಇಳಸೂ ಮುಂದ ಕೈ ನಿಂತು. ಆ ಹುಡುಗಿ ಜ್ವರದ ಪಟ್ಟಿ ಮ್ಯಾಲೂ ದೇವರ ಹೆಸರ ಬರಿಯಾಕಿ. ಖಂಡಿತ ಬರೀತಾಳ. ಪುಸ್ತಕ ರದ್ದ ಆಗ್ತೈತಿ, ಎರಡ ಪರೀಕ್ಷೆ ಆಕಿ ಕುಂಡ್ರಂಗಿಲ್ಲ, ಏಪ್ರಿಲ್‌ದಾಗ ನಾ ಮೊದಲ ಪಾಸಾಗ್ತೇನಿ. ವಾರ್ಡ ನಂದು. ಇದನ್ನೆಲ್ಲಾ ಒಂದ ಉಸರಿನ್ಯಾಗ ಲೆಕ್ಕಾ ಹಾಕಿದೆ. ಪಾಟಿ ವರಸಿಬಿಟ್ಟೆ.

ಆಕಿಗೆ ಇಪ್ಪತ್ತೆರಡ ವರ್ಷ, ಮುಂದ ಎಷ್ಟೋ ಪರೀಕ್ಷೆ ಅದಾವ. ನನಗ ಮೂವತ್ತೆಂಟ. ನಾ ಮಾಡಿದ್ದು ತಪ್ಪೇನು? ತಪ್ಪಂದ್ರ ಬೈದ ಬರಿ.

ಸಿದ್ದಿ

॥ ಶ್ರೀ ಬನಶಂಕರಿ ಪ್ರಸನ್ನ ॥

ಬನಹಟ್ಟಿ
೨೬ ಸೆಪ್ಟೆಂಬರ್ ೧೯೩೬

ಸಿದ್ದಿಗೆ ಆಶೀರ್ವಾದ.

ಎರಡ ದಿನ ಹಿಡೀತು ಓದಾಕ. ಒಲಿಗೆ ಹಾಕೇನಿ.

ತಪ್ಪೇನು ಅಂತ ನನ್ನ ಕೇಳ್ತಿ. ನಿನಗ ಗೊತ್ತಿರದಿದ್ರ ನನಗ್ಯಾಕ ಬರೀತಿದ್ದಿ? ಹಾಸಿನ್ಯಾಗ ಎಳಿ ಹರದದ್ದ ಕಂಡ್ರ ನಮ್ಮವ್ವ ಅಲ್ಲೇ ಮಗ್ಗ ನಿಂದರಿಸಿ ಗಂಟ ಹಾಕ್ತಿದ್ಲು. ಮುಂದ ಹೋದ್ರ ಗಂಟ ಹಾಕಾಕ ಬರೂದಿಲ್ಲ. ನೀ ಈಗಿಂದೀಗ ಆ ಹುಡುಗಿಗೆ ಬರದ ಹಾಕು. ಇವತ್ತ ಹಾಕು.

ನನಗ ಕೈ ನೂಯಾಕತ್ತಾವು. ಇಷ್ಟ.

ತಾಯವ್ವ

ಪೋಸ್ಟಕಾರ್ಡು

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೨೮ ಸೆಪ್ಟೆಂಬರ್ ೧೯೩೬

ಹೀರಾಗೆ. ಪುಣೆ ಜೈನ ಧರ್ಮಶಾಲೆ ವಿಳಾಸಕ್ಕ.

ಒಂದ ಕಲಮ ಬಿಟ್ಟಿತ್ತು. ಹನ್ನೆರಡನೇದು. ಉತ್ತರದ ಪುಸ್ತಕದ ಮ್ಯಾಲ ದೇವರ ಹೆಸರಾಗಲಿ, ಶ್ರೀಕಾರ ಆಗಲಿ, ಯಾವ ಗುರ್ತೂ ಬರೀಬಾರದು. ಬರದ್ರ ಪುಸ್ತಕ ರದ್ದ. ಮರೀಬ್ಯಾಡ.

ಸಿದ್ದಕ್ಕ

॥ ಶ್ರೀ ವೀತರಾಗಾಯ ನಮಃ ॥

ಪುಣೆ
೯ ಅಕ್ಟೋಬರ್ ೧೯೩೬

ಸಿದ್ದಕ್ಕಗ ಹೀರಾ ನಮಸ್ಕಾರ.

ಮುಗೀತು ಅಕ್ಕಾ. ಮೂರೂ ಪರೀಕ್ಷೆ ಮುಗದಾವು. ಇವತ್ತ ಸ್ನಾನಾ ಮಾಡಿ, ಬಸದಿಗೆ ಹೋಗಿ ಬಂದು ಬರಿಯಾಕತ್ತೇನಿ.

ಸೋಮವಾರದ ಸುದ್ದಿ ಕೇಳು. ನಸುಕಿನ್ಯಾಗ ಎದ್ರ ನಾ ಹೊರಗಾಗಿದ್ದೆ. ಎಂಟ ದಿನ ಮೊದಲ! ರೈಲಿನ ದಣಿವಿಗೋ ಅಂಜಿಕಿಗೋ. ಬಸದಿಗೆ ಹೋಗಾಂಗಿಲ್ಲ, ಜಪ ಮಾಡಾಂಗಿಲ್ಲ. ಧರ್ಮಶಾಲ್ಯಾಗ ಹೀಂಗಂತ ಹೇಳಿದ್ರ ಮೂಲ್ಯಾಗ ಕುಂಡ್ರಸತಾರಂತ ಯಾರಿಗೂ ಹೇಳಲಿಲ್ಲ, ಹಂಗ ಎದ್ದ ಹೋದೆ. ನೀ ಹೇಳಿದಂಗ ಏಳೂವರಿಗೇ ಬಾಗಲದಾಗ ಇದ್ದೆ. ಸೆರಗ ಝಾಡಸು ಅಂದ್ರು, ಝಾಡಿಸಿದೆ. "ನಲವತ್ತಾರು" ಅಂದ್ರು, ಎದ್ದೆ. ಎಲ್ಲಾ ನಿನ್ನ ಹಾಳ್ಯಾಗ ಇದ್ದಂಗ ಇತ್ತು. ಪರೀಕ್ಷೆ ನಡಸೂ ಒಬ್ಬಾಕಿ ಬಿಳೀ ಮಡ್ಡಮ್ಮ ಬಂದು ಇಂಗ್ಲೀಷಿನ್ಯಾಗ ಏನೇನೋ ಓದಿದ್ಲು, ರೈಲ ಹೋದಂಗ ಹೋತು, ಒಂದೂ ತಿಳೀಲಿಲ್ಲ.

ಪುಸ್ತಕ ಕೊಟ್ಟರು. ಟಾಕು ಶಾಯ್ಯಾಗ ಅದ್ದಿ, ಶ್ರೀ ಬರಿಯಾಕ ಕೈ ಮ್ಯಾಲ ಹೋತು. ಆವಾಗ ನೆನಪಾತು, ನಾ ಹೊರಗ ಅದೇನಿ, ಈ ಕೈಲೆ ದೇವರ ಹೆಸರ ಹೆಂಗ ಬರೀಲಿ? ಕೈ ಹಿಂದ ತಗೊಂಡೆ. ದೇವರ ಹೆಸರ ಇಲ್ಲದ ಬರಿಯಾಕತ್ತೇನಲ್ಲ, ಇನ್ನ ಪಾಸಾದಂಗ ನಾನು ಅಂತ ಕಣ್ಣಾಗ ನೀರ ಬಂದ್ವು. ಅಳಕೋತ ಬರದೆ. ಎರಡನೇ ಪ್ರಶ್ನೆಗೆ ಕಾಲ ಮುಂದಾಗಿ ಬರೂ ಕೂಸಿಂದು ಬಂದಿತ್ತು, ಬೆಳಗಲಿ ಹೆರಗಿ ಇದ್ದದ್ದ ಇದ್ದಂಗ ಬರದೆ.

ಮಂಗಳವಾರ ಸಂಜಿಕ ನಿನ್ನ ಕಾರ್ಡ ಬಂತು. ಎಂಥಾದ್ದರಿಂದ ಪಾರಾದೆ ಅಕ್ಕಾ! ಅಪಶಕುನ ಅಂತ ನಾ ಅತ್ತಿದ್ನೆಲ್ಲ, ಅದ ನನ್ನ ಕೈ ಹಿಡದಿತ್ತು.

ಕಾರ್ಡ ಎರಡ ಸಲ ಓದಿದೆ. ಮ್ಯಾಲ ನೀ ಇಪ್ಪತ್ತೆಂಟನೇ ತಾರೀಖ ಬರದಿ, ಜಮಖಂಡಿ ಟಪಾಲ ಸಿಕ್ಕಾ ಮೂರನೇ ತಾರೀಖಿಂದ ಐತಿ. ಕೆಲಸದ ಗದ್ದಲದಾಗ ಹಾಕಾಕ ಮರತಿರಬೇಕು ನೀ.

ನಿನಗ ಒಂದ ಥರ್ಮಾಮೀಟರ ತಗೊಂಡೇನಿ. ಅವತ್ತ ಒಡದದ್ದಕ್ಕ ಬದಲಿ. ಹತ್ತಿಯಾಗ ಸುತ್ತಿ ಇಟ್ಟೇನಿ, ಕೈಯಾರೆ ಕೊಡ್ತೇನಿ.

ಹೀರಾ

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೩೦ ನವೆಂಬರ್ ೧೯೩೬

ಶ್ರೀಮತಿ ಹೀರಾಬಾಯಿಯವರಿಗೆ ಸಿದ್ದವ್ವನ ನಮಸ್ಕಾರ್ರೀ.

ತಾವು ಪಾಸಾದ ಸುದ್ದಿ ತಿಳೀತ್ರಿ. ಭಾಳ ಸಂತೋಷ ಆತ್ರಿ. ಡಾಕ್ಟರಬಾಯಾರು ತಮ್ಮ ಮಾರ್ಕ ಎಲ್ಲಾರಿಗೂ ಓದಿ ಹೇಳಿದ್ರಿ. ಬರಿಯೂದ್ರಾಗ ಎಪ್ಪತ್ತೆರಡು, ಬಾಯಿಲೆ ಅರವತ್ತೆಂಟು, ಕೈಗೆಲಸದಾಗ ಎಂಬತ್ತೊಂದ್ರಿ. ಪೇಢೆ ಹಂಚಿದ್ರಿ. ನಾನೂ ಒಂದ ತಿಂದೆನ್ರಿ. ಹೊಸಾ ವರ್ಷಕ್ಕ ತಾವು ಹೆಡ್ ನರ್ಸ್ ಆಗಿ ಬರ್ತೀರಂತ, ತಮ್ಮ ಖೋಲಿ ಸಾರಿಸಿ ಇಡಾಕ ನನಗ ಹೇಳ್ಯಾರ್ರಿ.

ತಮ್ಮ ಕೈಕೆಳಗಿನ
ಸಿದ್ದವ್ವ

॥ ಶ್ರೀ ಬನಶಂಕರಿ ಪ್ರಸನ್ನ ॥

ಜಮಖಂಡಿ
೧ ಡಿಸೆಂಬರ್ ೧೯೩೬

ತಾಯವ್ವಕ್ಕಗ ಸಿದ್ದಿ ನಮಸ್ಕಾರ.

ಪಾಸಾದ್ಲು. ನಾ ಹೇಳದಿದ್ರೂ ಪಾಸಾದ್ಲು. ಹೆಂಗಂತ ಕೇಳಿದ್ರ ನಗ್ತಿ. ಆ ದಿನ ಆಕಿ ಹೊರಗಾಗಿದ್ಲಂತ, ಅದಕ ದೇವರ ಹೆಸರ ಬರೀಲಿಲ್ಲಂತ! ಎಂಟ ದಿನ ಮೊದಲ ಹೊರಗಾದ್ಲಂತ ಅಕ್ಕಾ! ಆಕಿ ಮೈ ಸೈತ ಆಕೀ ಪರವಾಗಿ ಸಾಕ್ಷಿ ಹೇಳಾಕ ಬಂತು. ಮತ್ತ ನಾ? ಹೋದ ವರ್ಷ ಪರೀಕ್ಷೆಗಿಂತ ನಾಕ ದಿನ ಮೊದಲ ಮುಗಿಸಿಕೊಂಡು, ತಲಿ ಮ್ಯಾಲ ನೀರ ಹಾಕ್ಕೊಂಡು, ಮಡೀಲೆ ಹೋಗಿ ಕುಂತಿದ್ದೆ. ಮಡೀಲೆ ಇದ್ದಾಕಿ ನಪಾಸ, ಮೈಲಿಗ್ಯಾಕಿ ಪಾಸ. ಬನಶಂಕರಿ ನಮ್ಮ ನೇಕಾರರ ದೇವಿ ಹೌದೋ ಅಲ್ಲೋ? ಜೈನರ ಹುಡುಗಿನ್ನ ಕಾಯಾಕ ಹೋಗಿ ಕುಂತಾಳ.

ನಿನ್ನ ಮಾತ ಕೇಳಿ ಕಾರ್ಡ ಬರದೆ ಖರೆ. ಐದ ದಿನ ಕುಪ್ಪಸದಾಗ ಇಟ್ಕೊಂಡ ಅಡ್ಡಾಡಿದೆ. ಟಪಾಲ ಡಬ್ಬಿ ಮುಂದ ದಿನಾ ಹೋಗಿ ದಿನಾ ತಿರಗಿ ಬಂದೆ. ಇನ್ನ ಮುಟ್ಟೂದಿಲ್ಲಂತ ಖಾತ್ರಿ ಆದ ಮ್ಯಾಲ ಹಾಕಿದೆ. ಆಕಿ ಅದನ್ನ ನೋಡ್ಯಾಳ. ಸಿಕ್ಕಾದ ತಾರೀಖ ನೋಡ್ಯಾಳ. "ಮರತಿರಬೇಕು ನೀ" ಅಂತ ಬರದಾಳ. ಬೈದಿಲ್ಲ. ಮ್ಯಾಲ ಥರ್ಮಾಮೀಟರ ತಂದಾಳ.

ಅದನ್ನ ನಾ ಏನ ಮಾಡ್ಲಿ ಅಕ್ಕಾ? ಯಾವ ಕೈಲೆ ಇಸ್ಕೊಳ್ಳಲಿ?

ಸಿದ್ದಿ

॥ ಶ್ರೀ ವೀತರಾಗಾಯ ನಮಃ ॥

ಜಮಖಂಡಿ
೪ ಮಾರ್ಚ್ ೧೯೩೭

ಸಿದ್ದಕ್ಕಗ ಹೀರಾ ನಮಸ್ಕಾರ.

ನೀ ಓದಾಕಂತ ರಜಾ ತಗೊಂಡು ಬನಹಟ್ಟಿಗೆ ಹೋಗಿ ಹತ್ತ ದಿನ ಆತು. ವಾರ್ಡಿನ್ಯಾಗ ನೀ ಇಲ್ಲದ ಬಿಸಿ ನೀರ ಹೊತ್ತಿಗೆ ಆಗವೊಲ್ವು. ನೀ ಇದ್ದಾಗ ಎರಡ ತಿಂಗಳು ನನಗ ರೀ ಹಚ್ಚಿ ಮಾತಾಡಿದಿ, ಒಂದ ಮಾತು ಹೆಚ್ಚ ಆಡಲಿಲ್ಲ. ಥರ್ಮಾಮೀಟರ ಇನ್ನೂ ನನ್ನ ಕಪಾಟಿನ್ಯಾಗ ಐತಿ.

ನಿನ್ನ ತಿಕೀಟು ಬಂತು. ನಂಬರ ಮೂವತ್ತೊಂದು. ಇದರ ಜೋಡಿ ಕಲಮಿನ ಹಾಳಿನೂ ಇಟ್ಟೇನಿ. ಹೊಸದಾಗಿ ಬರೀಲಿಲ್ಲ, ನೀ ನನಗ ಬರದದ್ದನ್ನ ಜ್ವಾಕಿ ಮಾಡಿದ್ದೆ. ಬುಡಕ ಒಂದ ಕಡಿಮಿ ಇತ್ತು, ಅಷ್ಟ ನಾ ಕೂಡಿಸೇನಿ.

ಕೈಗೆ ರೂಢಿ ಆಗೂ ತನಕ ಬರಿಯೂ ಹಾಳಿ ಎಲ್ಲಾ ತಲಿ ಖಾಲಿ ಬಿಟ್ಟ ಬರಿ. ನೀ ಪಾಸಾಗಬೇಕು ಅಕ್ಕಾ. ನೀ ಬೇಸಿನ್ ಹಿಡಕೊಂಡ ಬಾಜೂಕ ನಿಂತ್ರ ನನಗ ಕೈ ಓಡೂದಿಲ್ಲ.

ಹೀರಾ

ಪುಣೆ
೫ ಏಪ್ರಿಲ್ ೧೯೩೭

ಹೀರಾ,

ಈ ಕಾಗದದ ತಲಿ ಮ್ಯಾಲ ಏನೂ ಇಲ್ಲ, ನೋಡಿದಿ? ಒಂದ ತಿಂಗಳಾತು ರೂಢಿ ಮಾಡಾಕತ್ತು. ಮೊದಲ ನಾಕ ದಿನ ದೇವರ ಜಗಲಿ ಮುಂದ ನಿಂತು ತಪ್ಪಾತವ್ವಾ ಅಂತ ಕೈ ಮುಗದ ಬಂದು ಬರೀತಿದ್ದೆ.

ನೀ ಕಳಿಸಿದ ಹಾಳಿ ಮ್ಯಾಲ ಹನ್ನೊಂದು ನನ್ನ ಅಕ್ಷರ, ಹನ್ನೆರಡನೇದು ನಿನ್ನ ಅಕ್ಷರ. ಅಕ್ಕನ ಮನ್ಯಾಗ ಅದನ್ನ ನೋಡಿ ಉಣ್ಣೂದ ಬಿಟ್ಟ ಎದ್ದೆ. ಬೈದಿದ್ರ ತಿರಗಿ ಬೈತಿದ್ದೆ, ಜಗಳಾ ಆಡಿ ಹಗರ ಆಗ್ತಿದ್ದೆ. ನೀ ಅದಕ್ಕೂ ಜಾಗಾ ಕೊಡಲಿಲ್ಲ.

ಈಗ ಕೇಳು. ನಾ ಮರತಿರಲಿಲ್ಲ. ಬೇಕಂತ ಬಿಟ್ಟೆ. ಕಾರ್ಡನೂ ಬೇಕಂತ ತಡಾ ಮಾಡಿ ಹಾಕಿದೆ. ಆವತ್ತ ನನ್ನ ಪರೀಕ್ಷೆನೂ ನಾಕ ಮಾರ್ಕಿನಿಂದ ಹೋಗಿರಲಿಲ್ಲ. ತಲಿ ಮ್ಯಾಲ ದೇವಿ ಹೆಸರ ಬರದು ರದ್ದ ಮಾಡಿಸ್ಕೊಂಡಿದ್ದೆ. ಯಾವ ತೆಗ್ಗಿನ್ಯಾಗ ನಾ ಬಿದ್ದಿದ್ನೋ ಅದ ತೆಗ್ಗಿಗೆ ನಿನ್ನ ಬಿಡಾಕ ನೋಡಿದೆ. "ನಮ್ಮ ಹೀರಾ" ಅಂದದ್ದ ಒಂದ ಮಾತಿಗೆ, ಆ ವಾರ್ಡಿಗೆ, ನಿನ್ನ ವಯಸ್ಸಿಗೆ ನನಗ ಹೊಟ್ಟಿಕಿಚ್ಚು. ಈಗೂ ಐತಿ. ಹೋಗೇತಿ ಅಂದ್ರ ಸುಳ್ಳಾಗ್ತೈತಿ.

ಇವತ್ತಿಂದ ಹೇಳ್ತೇನಿ. ಏಳೂವರಿಗೆ ಬಾಗಲದಾಗ ಇದ್ದೆ. ಮಡ್ಡಮ್ಮ ಹನ್ನೆರಡೂ ಕಲಮ ಗಡಗಡಾ ಇಂಗ್ಲೀಷಿನ್ಯಾಗ ಓದಿದ್ಲು. ನನ್ನ ಬಾಜೂಕ ಮೂವತ್ತೆರಡನೇ ನಂಬರ, ಬೀಳಗಿ ಕಡೆ ಹುಡುಗಿ, ಹೊಳೆವ್ವ ಅಂತ. ಹೊರಗ ಕುಂತಾಗ ಮಾತಾಡ್ಸಿದ್ಲು. ಆಕಿಗೂ ಇಂಗ್ಲೀಷ ಬರೂದಿಲ್ಲ. ಬಾಯಾಗ ಹಲ್ಲ ಛಂದ, ಕೈ ಬೆರಳ ಉದ್ದಕ, ಹಂತಾ ಬೆರಳ ಹೆರಗಿ ಕೆಲಸಕ್ಕ ಹೇಳಿ ಮಾಡಿಸಿದಂಗ. ನೋಡಿದ ಕೂಡ್ಲೆ ಆಕಿ ಮ್ಯಾಲೂ ಹೊಟ್ಟಿಕಿಚ್ಚ ಬಂತು.

ಪುಸ್ತಕ ಕೊಟ್ಟರು. ನಾ ತಲಿ ಖಾಲಿ ಬಿಟ್ಟು ಮೊದಲನೇ ಪ್ರಶ್ನೆ ಸುರು ಮಾಡಿದೆ. ಎಲ್ಲಾ ಬರ್ತಿತ್ತು ಹೀರಾ, ಒಂದೂ ಬಿಡೂವಂಗ ಇದ್ದಿಲ್ಲ. ಕಣ್ಣ ಹಂಗ ಬಾಜೂಕ ಹೋತು. ಹೊಳೆವ್ವ ಟಾಕು ಅದ್ದಿ, ಪುಸ್ತಕಕ್ಕ ಹಣಿ ಹಚ್ಚಿ ನಮಸ್ಕಾರ ಮಾಡಿ, ಕೈ ಪುಸ್ತಕದ ತಲಿ ಕಡೆ ಒಯ್ದಿದ್ಲು. ಏನ ಬರೀತಾಳ ಅಂತ ನನಗ ಗೊತ್ತಾತು.

ಆ ಹುಡುಗಿ ನನಗ ಏನೂ ಆಗಬೇಕಾಗಿಲ್ಲ. ನೀ ಆಗಬೇಕಾದಾಕಿ, ನಿನಗ ಹೇಳೂದ ಇದ್ದಾಗ ಬಾಯಿ ಹೊಲಕೊಂಡ ಕುಂತಿದ್ದೆ. ಇವತ್ತ ಆ ಬಾಯಿ ನನ್ನ ಕೇಳಲಿಲ್ಲ. "ತಂಗೀ, ಬರೀಬ್ಯಾಡ ಬೇ! ದೇವರ ಹೆಸರ ಬರೀಬ್ಯಾಡ, ಪುಸ್ತಕ ರದ್ದ ಆಗ್ತೈತಿ!" ಅಂದೆ. ಸಣ್ಣಾಗಿ ಅನಬೇಕಂತ ಮಾಡಿದ್ದೆ, ನನ್ನ ದನಿ ನಿನಗ ಗೊತ್ತಲ್ಲ, ಇಡೀ ಹಾಲಿನ್ಯಾಗ ಕೇಳಿಸ್ತು. ಎಲ್ಲಾರೂ ತಿರಗಿ ನೋಡಿದ್ರು.

ಮಡ್ಡಮ್ಮ ಬಂದು ನಂಬರ ಕೇಳಿದ್ಲು. ಏಳನೇ ಕಲಮು. ನಾ ವಾದಾ ಮಾಡಲಿಲ್ಲ. ಪುಸ್ತಕ ಕೊಟ್ಟು ಎದ್ದೆ. ಹೊರಗ ಹೋಗೂ ಮುಂದ ಹೊಳೆವ್ವನ ಪುಸ್ತಕ ನೋಡಿದೆ. ತಲಿ ಮ್ಯಾಲ ಖಾಲಿ ಇತ್ತು.

ಅಲ್ಲೇ ಪಾವಟಿಗಿ ಮ್ಯಾಲ ಕುಂತು ಅಕ್ಕ ಕಟ್ಟಿ ಕೊಟ್ಟಿದ್ದ ರೊಟ್ಟಿ ತಿಂದೆ. ಅಳೂ ಬಂತು, ರೊಟ್ಟೀನೂ ಹೋತು. ಹನ್ನೆರಡ ಹೊಡೀತು, ಆ ಹುಡುಗಿ ಓಡಿ ಬಂದು ಕಾಲಿಗೆ ಬಿದ್ಲು. ಹೆಂಗಾತು ಅಂದೆ. "ಎಲ್ಲಾ ಬರದೆ ಅಕ್ಕಾರ, ಒಂದೂ ಬಿಡಲಿಲ್ಲ" ಅಂದ್ಲು. ಹೊಟ್ಟಿ ಹೆಂಗ ಉರೀತು ಅಂತಿ! ನಿನ್ನಷ್ಟ ಮಾರ್ಕ ತಗೀತಾಳ ಆಕಿ, ಬರದ ಇಟ್ಕೋ.

ಗುರುವಾರ ಬರ್ತೇನಿ. ಅಕ್ಟೋಬರದಾಗ ಮತ್ತ ಕುಂಡ್ರತೇನಿ, ಅಲ್ಲೀ ತನಕ ಬೇಸಿನ್ ಹಿಡೀತೇನಿ. ಬಿಸಿ ನೀರಿನ ಕೆಲಸ ಬ್ಯಾರೆದಾಕಿಗೆ ಕೊಡಬ್ಯಾಡ. ಆ ಥರ್ಮಾಮೀಟರ ಕಪಾಟಿನಿಂದ ತಗದ ಇಡು, ಬಂದ ಕೂಡ್ಲೆ ಇಸ್ಕೊಳ್ತೇನಿ. ಇನ್ನ ಮುಂದ ನಿನಗ ರೀ ಹಚ್ಚೂದಿಲ್ಲ, ಹೆಡ್ ನರ್ಸ್ ಆದ್ರೂ ಅಷ್ಟ.

ನಾ ಬರೂದ್ರಾಗ ಡಾಕ್ಟರಬಾಯಾರು ಕೇಳಿದ್ರ ನೀನ ಹೇಳಿಬಿಡು. ಎಲ್ಲಾರ ಮುಂದ, ಔಷಧದ ಖೋಲ್ಯಾಗ ಹೇಳು. ನಾಕ ಮಾರ್ಕಿನಿಂದ ಹೋತು ಅನಬ್ಯಾಡ. ಸಿದ್ದಕ್ಕನ ಬಾಯಿಂದ ಹೋತು ಅನ್ನು.

ನಿನ್ನ
ಸಿದ್ದಕ್ಕ